ನೆರೆಮನೆಯ ಅಕ್ಕ: ಎಳೆಯ ಮನಸ್ಸಿನ ಮೊದಲ ಆದರ್ಶ

ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು ಎಂಬ ಮಾತನ್ನು ನಾವೆಲ್ಲರೂ ಕೇಳುತ್ತಲೇ ಬೆಳೆದಿದ್ದೇವೆ. ಆ ಮಾತು ಸತ್ಯವಾದುದು. ಆದರೆ ಹೊಸ್ತಿಲು ದಾಟಿ ಓಣಿಗೆ ಇಳಿದ ಹೆಣ್ಣುಮಗುವಿಗೆ ಶಾಲೆಯ ಗುರುಗಳು ದೊರೆಯುವುದಕ್ಕೂ ಮೊದಲೇ ಮತ್ತೊಬ್ಬ ಗುರು ದೊರೆತಿರುತ್ತಾಳೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆಕೆಗೆ ಗುರುವೆಂಬ ಪದವಿಯಿಲ್ಲ; ತಾನು ಯಾರಿಗೋ ಪಾಠ ಕಲಿಸುತ್ತಿದ್ದೇನೆಂಬ ಅರಿವೂ ಆಕೆಗಿಲ್ಲ. ಆಕೆ ನೆರೆಮನೆಯ ಹದಿನೈದು ಹದಿನಾರು ವರ್ಷದ ಹುಡುಗಿ. ಏಳೆಂಟು ವರ್ಷದ ಬಾಲೆಯ ಪಾಲಿಗೆ ಆಕೆ ‘ಅಕ್ಕ’. ಒಡಹುಟ್ಟಿದವಳಲ್ಲದಿದ್ದರೂ ಅಕ್ಕ; ಕೆಲವೊಮ್ಮೆ ಒಡಹುಟ್ಟಿದವಳಿಗಿಂತ ಮಿಗಿಲಾದ ಅಕ್ಕ.

ರಾಮದುರ್ಗ ತಾಲ್ಲೂಕಿನ ಕಟಕೋಳವನ್ನೇ ಕಣ್ಣಮುಂದೆ ತಂದುಕೊಳ್ಳಿರಿ. ಅಥವಾ ಸವದತ್ತಿ, ಬೈಲಹೊಂಗಲ, ಕಿತ್ತೂರು ಸೀಮೆಯ ಯಾವುದೇ ಊರನ್ನು. ಮನೆಗೆ ಮನೆ ಹೊಂದಿಕೊಂಡ ಓಣಿಗಳು, ಬಾಗಿಲ ಮುಂದೆ ಕಟ್ಟೆ, ಒಂದು ಮನೆಯ ಪಡಸಾಲೆಯಲ್ಲಿ ಆಡಿದ ಮಾತು ಮತ್ತೊಂದು ಮನೆಯ ಅಡಿಗೆಮನೆಗೆ ಕೇಳಿಸುವಷ್ಟು ಸಾಮೀಪ್ಯ. ಅಂತಹ ಓಣಿಯಲ್ಲಿ ಬೆಳಗಿನ ಹೊತ್ತು ಪುಸ್ತಕದ ಚೀಲ ಹೆಗಲಿಗೇರಿಸಿ ಬಸ್ಸಿನ ನಿಲ್ದಾಣದತ್ತ ಹೊರಟ ಹುಡುಗಿಯನ್ನು ಕಟ್ಟೆಯ ಮೇಲೆ ಕುಳಿತ ಪುಟ್ಟ ಬಾಲೆ ಓಣಿಯ ತಿರುವಿನವರೆಗೂ ಕಣ್ಣಿನಿಂದಲೇ ಕಳುಹಿಸಿಕೊಡುತ್ತಾಳೆ. ಸಂಜೆ ಆಕೆ ಮರಳುವ ಹೊತ್ತಿಗೆ ಅದೇ ಕಟ್ಟೆಯ ಮೇಲೆ ಕಾದಿರುತ್ತಾಳೆ. ಅಕ್ಕ ಕೊಡಪಾನ ಹಿಡಿದು ನೀರಿಗೆ ಹೊರಟರೆ “ಯಕ್ಕಾ, ನಾನೂ ಬರ್ತೀನಿ” ಎಂದು ಚಿಕ್ಕ ತಂಬಿಗೆ ಹಿಡಿದು ಬೆನ್ನು ಹತ್ತುತ್ತಾಳೆ. ಹಿರಿಯರು ನೋಡಿ ನಗುತ್ತಾರೆ; “ಅಕಿ ಬಾಲ ಆಗ್ಯಾಳ ನೋಡ್ರಿ” ಎನ್ನುತ್ತಾರೆ. ನಕ್ಕು ಮರೆಯುವಂತಹ ಸಂಗತಿಯಾಗಿ ಕಾಣುವ ಈ ಮೆಚ್ಚುಗೆಯು ಒಂದು ಹೆಣ್ಣುಮಗುವಿನ ಬಾಳಿನ ದಾರಿಯನ್ನೇ ತಿದ್ದಬಲ್ಲುದೆಂಬುದು ನಮ್ಮ ನಂಬುಗೆ. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಕುಟುಂಬದ ಬಂಧುಗಳ ಮುಂದಿಡುತ್ತಿದ್ದೇವೆ.

ಬಾಲೆ ಏನನ್ನು ನೋಡುತ್ತಾಳೆ?

ತಾಯಿಯನ್ನು ಮಗು ಪ್ರೀತಿಸುತ್ತದೆ. ಶಿಕ್ಷಕಿಗೆ ಹೆದರುತ್ತದೆ ಅಥವಾ ಗೌರವಿಸುತ್ತದೆ. ಆದರೆ ತಾನು ನಾಳೆ ತಾಯಿಯಂತಾಗುವೆನೆಂದು ಎಂಟು ವರ್ಷದ ಮಗುವಿಗೆ ಊಹಿಸಲು ಸುಲಭವಲ್ಲ. ಆ ನಾಳೆ ಬಹಳ ದೂರದ್ದು. ಹದಿನಾರರ ಅಕ್ಕನಾದರೋ ಕೈಗೆಟಕುವ ದೂರದಲ್ಲಿದ್ದಾಳೆ. ಈಗ ತನ್ನಂತೆ ಎರಡು ಜಡೆ ಹಾಕಿಕೊಳ್ಳುವವಳೇ, ಆದರೂ ಒಬ್ಬಳೇ ಬಸ್ಸು ಹತ್ತುತ್ತಾಳೆ. ತನ್ನಂತೆ ತಾಯಿಯಿಂದ ಬೈಸಿಕೊಳ್ಳುವವಳೇ, ಆದರೂ ಹಿರಿಯರ ಎದುರು ನಿಂತು ಮಾತಾಡುತ್ತಾಳೆ. ಬಾಲ್ಯಕ್ಕೂ ಪ್ರೌಢತನಕ್ಕೂ ನಡುವಿನ ಸೇತುವೆಯ ಮೇಲೆ ನಿಂತ ಆಕೆಯನ್ನು ನೋಡಿಯೇ ಬಾಲೆಯು ಆ ಸೇತುವೆಯನ್ನು ದಾಟುವ ಬಗೆಯನ್ನು ಕಲಿಯುತ್ತಾಳೆ.

ಆಕೆ ನೋಡುವುದು ಸಣ್ಣ ಸಣ್ಣ ಸಂಗತಿಗಳನ್ನು. ಅಕ್ಕನು ಸ್ನಾನ ಮಾಡಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತಾಗ ಕಣ್ಣು ಮುಚ್ಚುವ ಬಗೆ. ಮೂರು ಬೆರಳಿನಿಂದ ವಿಭೂತಿ ಧರಿಸುವ ರೀತಿ. ಪರೀಕ್ಷೆಯ ದಿನಗಳಲ್ಲಿ ದೀಪದ ಬೆಳಕಿಗೆ ಪುಸ್ತಕ ತಿರುವುತ್ತ ತುಟಿ ಅಲುಗಿಸುವ ರೀತಿ. ಅಪ್ಪ ಗದರಿಸಿದಾಗ ಅತ್ತು, ಮುಖ ತೊಳೆದುಕೊಂಡು ಮತ್ತೆ ಕೆಲಸಕ್ಕೆ ತೊಡಗುವ ರೀತಿ. ಉಪದೇಶದಿಂದ ಬಾರದ ಪಾಠಗಳು ಇವು. ನಾವು ಮಕ್ಕಳಿಗೆ “ದಿನಾಲು ಲಿಂಗಪೂಜೆ ಮಾಡ್ರಿ” ಎಂದು ನೂರು ಸಲ ಹೇಳಿದರೂ ಹತ್ತದ ಬುದ್ಧಿ, ಮೆಚ್ಚಿನ ಅಕ್ಕ ಪೂಜೆಗೆ ಕುಳಿತುದನ್ನು ನಾಲ್ಕು ದಿನ ನೋಡಿದಾಗ ತಾನಾಗಿಯೇ ಹತ್ತುವುದುಂಟು. ಅಂತೆಯೇ ಅಕ್ಕನ ಒರಟು ಮಾತು, ಅಕ್ಕನ ಸೋಮಾರಿತನ, ಅಕ್ಕನ ಸುಳ್ಳು ಕೂಡ ಅಷ್ಟೇ ಬೇಗ ಹತ್ತುತ್ತವೆ.

ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಗಳಿಂದ ತೋರಿಸಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ ಅವರು 1961ರಲ್ಲಿ ಪುಟ್ಟ ಮಕ್ಕಳ ಎದುರಿಗೆ ಹಿರಿಯರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವಂತೆ ಏರ್ಪಡಿಸಿದರು. ಮಕ್ಕಳಿಗೆ ಯಾರೂ ಹೊಡೆಯಲು ಹೇಳಲಿಲ್ಲ, ಬಹುಮಾನದ ಆಸೆಯನ್ನೂ ತೋರಿಸಲಿಲ್ಲ. ಆದರೂ ಬೊಂಬೆಯ ಬಳಿ ಬಿಟ್ಟಾಗ ಅನೇಕ ಮಕ್ಕಳು ತಾವು ಕಂಡ ಹೊಡೆತಗಳನ್ನೇ ಮರಳಿ ತೋರಿಸಿದರು. ಕೇಳಿದುದಕ್ಕಿಂತ ಕಂಡುದನ್ನು ಮಗು ಗಟ್ಟಿಯಾಗಿ ಹಿಡಿಯುತ್ತದೆ. ತಾನು ಮೆಚ್ಚಿದವರಲ್ಲಿ, ತನ್ನಂತೆಯೇ ಇರುವವರಲ್ಲಿ ಕಂಡುದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ಅವರ ಜೀವಮಾನದ ಅಧ್ಯಯನದ ಸಾರ. ನಮ್ಮ ಹಿರಿಯರು ‘ನುಡಿಯಂತೆ ನಡೆ’ಗೆ ಅಷ್ಟೊಂದು ಮಹತ್ತ್ವ ಕೊಟ್ಟುದರ ಹಿಂದೆಯೂ ಇದೇ ತಿಳಿವಳಿಕೆ ಇದ್ದಿತಲ್ಲವೇ?

ಹಬ್ಬಗಳು ಕಟ್ಟಿಕೊಟ್ಟ ಬಳಗ

ನಮ್ಮ ಸೀಮೆಯ ಹಬ್ಬಗಳನ್ನು ಸೂಕ್ಷ್ಮವಾಗಿ ನೋಡಿದರೆ, ದೊಡ್ಡ ಹುಡುಗಿಯರ ಕೈಯಲ್ಲಿ ಚಿಕ್ಕ ಹುಡುಗಿಯರನ್ನು ಒಪ್ಪಿಸುವ ಒಂದು ವ್ಯವಸ್ಥೆಯನ್ನೇ ಹಿರಿಯರು ಅವುಗಳಲ್ಲಿ ಅಡಗಿಸಿಟ್ಟಿದ್ದಾರೆಂದು ತೋರುತ್ತದೆ. ಮಣ್ಣೆತ್ತಿನ ಅಮವಾಸ್ಯೆ ಕಳೆದು ಆಷಾಢದ ಮಂಗಳವಾರಗಳು ಬಂದವೆಂದರೆ ಗುಳ್ಳವ್ವನ ಸಂಭ್ರಮ. ಕರಿಯ ಜಿಗುಟು ಮಣ್ಣನ್ನು ತಂದು ಹದ ಮಾಡಿ, ಗುಳ್ಳವ್ವನನ್ನು ತಿದ್ದಿ, ಗುಲಗಂಜಿ, ಕುಸುಬಿ ಕಾಳುಗಳಿಂದ ಸಿಂಗರಿಸುವ ಕೆಲಸದಲ್ಲಿ ತಾಯಂದಿರಿಗೆ ಪಾತ್ರವಿಲ್ಲ. ಮಣ್ಣು ಎಲ್ಲಿಯದು ಒಳ್ಳೆಯದು, ನೀರು ಎಷ್ಟು ಬೇಕು, ಹಾಡಿನ ಮುಂದಿನ ಸಾಲು ಯಾವುದು ಎಂಬುದನ್ನೆಲ್ಲ ಬಲ್ಲವಳು ಓಣಿಯ ಅಕ್ಕ. ಚಿಕ್ಕವರು ಆಕೆಯ ಸುತ್ತ ಕುಳಿತು ಕೈ ಕೆಸರು ಮಾಡಿಕೊಳ್ಳುತ್ತಾರೆ. ಮನೆಮನೆಗೆ ಹೋಗಿ ಹಾಡಿ ಕಾಳು ಬೇಡುವಾಗಲೂ ಮುಂದಾಳು ಆಕೆಯೇ. ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಕೂಡಿ ಉಣ್ಣುವಾಗ ಚಿಕ್ಕವರಿಗೆ ಮೊದಲು ಬಡಿಸುವವಳೂ ಆಕೆಯೇ.

ನಾಗರ ಪಂಚಮಿಯ ಜೋಕಾಲಿಯಲ್ಲಿಯೂ ಇದೇ ಕ್ರಮ. ಹಗ್ಗ ಹಿಡಿದು ನಿಂತು ಜೀಕುವ ಧೈರ್ಯ ಎಳೆಯ ಹುಡುಗಿಗೆ ಒಮ್ಮೆಲೇ ಬರುವುದಿಲ್ಲ. ಮೊದಲು ಅಕ್ಕನ ಮಡಿಲಲ್ಲಿ ಕುಳಿತು, ಮರುವರ್ಷ ಅಕ್ಕನ ಎದುರಿಗೆ ನಿಂತು, ಮತ್ತೊಂದು ವರ್ಷ ತಾನೇ ಒಬ್ಬಳು ಜೀಕುವಷ್ಟಾಗುತ್ತಾಳೆ. ಗೌರಿ ಹುಣ್ಣಿಮೆಗೆ ಸಕ್ಕರೆಯ ಗೊಂಬೆಗಳ ಆರತಿ ಹಿಡಿದು ಹೋಗುವ ಸಾಲಿನಲ್ಲಿ ಮುಂದೆ ಹಿರಿಯ ಹುಡುಗಿಯರು, ಹಿಂದೆ ಕಿರಿಯರು. ಸೀರೆಯ ನಿರಿಗೆ ಜಾರದಂತೆ ನಡೆಯುವುದು ಹೇಗೆ, ಗಾಳಿಗೆ ದೀಪ ಆರದಂತೆ ಅಂಗೈ ಮರೆ ಮಾಡುವುದು ಹೇಗೆ ಎಂಬುದನ್ನು ಹಿಂದಿನವರು ಮುಂದಿನವರನ್ನು ನೋಡಿಯೇ ಕಲಿಯುತ್ತಾರೆ. ಗೊಡಚಿಯ ವೀರಭದ್ರೇಶ್ವರನ ಜಾತ್ರೆಯಲ್ಲಿ ಬಳೆಯಂಗಡಿಯ ಸಾಲಿನ ಗದ್ದಲದಲ್ಲಿ ಚಿಕ್ಕವಳ ಕೈ ಬಿಡದೆ ಹಿಡಿದಿರುವ ಕೈ ಹಲವು ಸಲ ತಾಯಿಯದಲ್ಲ, ನೆರೆಮನೆಯ ಅಕ್ಕನದೇ.

ಇಂದು ಈ ಬಳಗ ತೆಳುವಾಗುತ್ತಿದೆ. ಹಿರಿಯ ಹುಡುಗಿಗೆ ಟ್ಯೂಷನ್ನು, ಕಿರಿಯ ಹುಡುಗಿಗೆ ಮೊಬೈಲು. ಒಂದೇ ಗೋಡೆಯ ಆಚೆ ಈಚೆ ಇದ್ದರೂ ಭೇಟಿಯಿಲ್ಲ. ಓಣಿಯಲ್ಲಿ ಅಕ್ಕ ಕಾಣದಿದ್ದಾಗ ಎಳೆಯ ಮನಸ್ಸು ಆದರ್ಶವನ್ನು ಹುಡುಕದೆ ಇರುವುದಿಲ್ಲ. ತೆರೆಯ ಮೇಲೆ ಕುಣಿಯುವ, ಎಂದೂ ತನ್ನ ಹೆಸರು ಹಿಡಿದು ಕರೆಯದ ಯಾರನ್ನೋ ಅಕ್ಕನ ಸ್ಥಾನದಲ್ಲಿ ಕೂಡಿಸಿಕೊಳ್ಳುತ್ತದೆ. ಆ ತೆರೆಯ ಅಕ್ಕನಿಗೆ ಈ ಮಗು ಬಿದ್ದರೂ ತಿಳಿಯದು, ಅತ್ತರೂ ತಿಳಿಯದು.

‘ಅಕ್ಕ’ ಎಂಬುದು ಶರಣರು ಕೊಟ್ಟ ಪದವಿ

ನಮ್ಮ ಧರ್ಮದ ಇತಿಹಾಸದಲ್ಲಿ ‘ಅಕ್ಕ’ ಎಂಬ ಎರಡಕ್ಷರಕ್ಕೆ ಇರುವ ಬೆಲೆಯನ್ನು ಮತ್ತೆ ನೆನೆಯುವುದು ಇಲ್ಲಿ ಉಚಿತ. ಬಾಲಕ ಬಸವಣ್ಣನಿಗೆ ಉಪನಯನ ಮಾಡಲು ಹೊರಟಾಗ, ತನಗಿಂತ ಹಿರಿಯಳಾದ ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆ ಎಂದು ಆತ ಕೇಳಿದನೆಂಬ ಪ್ರತೀತಿ ಸಮಾಜದಲ್ಲಿ ಮನೆಮಾತಾಗಿದೆ. ಈ ಪ್ರತೀತಿಯಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಬಾಲಕನ ಪ್ರಶ್ನೆ ಶಾಸ್ತ್ರಗ್ರಂಥದಿಂದ ಹುಟ್ಟಿದುದಲ್ಲ, ಅಕ್ಕನ ಮೇಲಿನ ಗೌರವದಿಂದ ಹುಟ್ಟಿದುದು. ತಾನು ಮೆಚ್ಚಿದ ಅಕ್ಕ ತನಗಿಂತ ಕಡಿಮೆಯವಳೆಂದು ಜಗತ್ತು ಹೇಳಿದಾಗ ಎಳೆಯ ಮನಸ್ಸು ಅದನ್ನು ಒಪ್ಪಲಿಲ್ಲ. ಮುಂದೆ ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗವೆಂದು ಸಾರಿದ ಧರ್ಮದ ಬೀಜವನ್ನು ಭಕ್ತರು ಆ ಪ್ರಶ್ನೆಯಲ್ಲಿಯೇ ಕಾಣುತ್ತಾರೆ. ಆ ನಾಗಮ್ಮನೇ ಚನ್ನಬಸವಣ್ಣನವರ ತಾಯಿ, ಶರಣಸಂಕುಲಕ್ಕೆಲ್ಲ ಅಕ್ಕ ನಾಗಮ್ಮ.

ಉಡುತಡಿಯ ಮಹಾದೇವಿ ಕಲ್ಯಾಣಕ್ಕೆ ಬಂದಾಗ ಇನ್ನೂ ಎಳೆಯ ಪ್ರಾಯದವಳು. ಅನುಭವಮಂಟಪದಲ್ಲಿ ಕುಳಿತ ಶರಣರಲ್ಲಿ ಅನೇಕರು ಆಕೆಗಿಂತ ವಯಸ್ಸಿನಲ್ಲಿ ಹಿರಿಯರು. ಆದರೂ ಅವರೆಲ್ಲರ ಬಾಯಲ್ಲಿ ಆಕೆ ‘ಅಕ್ಕ’ನಾದಳು. ಶೂನ್ಯಸಂಪಾದನೆಯು ಅಲ್ಲಮಪ್ರಭುಗಳಿಗೂ ಆಕೆಗೂ ನಡೆದ ಸಂವಾದವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಕಠಿಣ ಪ್ರಶ್ನೆಗಳಿಗೆ ಆಕೆ ಎದೆಗೆಡದೆ ಉತ್ತರಿಸಿದ ಮೇಲೆ ಸಭೆಯೇ ಆಕೆಗೆ ತಲೆಬಾಗಿತು. ಅಂದರೆ ‘ಅಕ್ಕ’ ಎಂಬುದು ವಯಸ್ಸಿನ ಲೆಕ್ಕವಲ್ಲ. ನಡೆದು ತೋರಿಸಿದವಳಿಗೆ ನೋಡಿದವರು ಕೊಡುವ ಗೌರವ. ಗುಡ್ಡಾಪುರದ ದಾನಮ್ಮದೇವಿಯ ಕಥೆಯನ್ನೂ ನೆನೆಯಬಹುದು. ಉಮರಾಣಿಯ ಲಿಂಗಮ್ಮನೆಂಬ ಹುಡುಗಿ ತನ್ನ ದಾನಗುಣದಿಂದಲೇ ದಾನಮ್ಮನಾದಳೆಂದು ಭಕ್ತರು ನಂಬುತ್ತಾರೆ. ಬೆಳಗಾವಿ, ವಿಜಯಪುರ ಸೀಮೆಯ ಮನೆಗಳಲ್ಲಿ ಇಂದಿಗೂ ದಾನಮ್ಮ, ಮಹಾದೇವಿ, ಗಂಗವ್ವ, ನೀಲವ್ವ, ನಾಗವ್ವ ಎಂಬ ಹೆಸರುಗಳು ಕೇಳಿಬರುತ್ತವೆ. ಹೆಸರನ್ನು ಇಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆ ಹೆಸರಿನ ಹುಡುಗಿ ಓಣಿಯಲ್ಲಿ ತಲೆಯೆತ್ತಿ ನಡೆಯಲು ಆಸ್ಪದ ಕೊಟ್ಟಿದ್ದೇವೆಯೇ ಎಂಬುದೇ ಪ್ರಶ್ನೆ.

ಗೋಡೆಯ ಮೇಲಿನ ಚಿತ್ರ, ಪಕ್ಕದ ಮನೆಯ ಹುಡುಗಿ

ನಮ್ಮ ಸೀಮೆಗೆ ವೀರನಾರಿಯರ ಕೊರತೆಯಿಲ್ಲ. ಕಾಕತಿಯಲ್ಲಿ ಹುಟ್ಟಿ, 1824ರಲ್ಲಿ ಇಂಗ್ಲಿಷರ ದಂಡನ್ನು ಎದುರಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹ ಬಿಟ್ಟ ರಾಣಿ ಚನ್ನಮ್ಮಾಜಿ ನಮ್ಮವಳು. ಮಹಿಳೆಯರ ಪಡೆ ಕಟ್ಟಿದಳೆಂದು ಖ್ಯಾತಳಾದ ಬೆಳವಡಿಯ ಮಲ್ಲಮ್ಮ ನಮ್ಮವಳು. ಶಾಲೆಯ ಗೋಡೆಯ ಮೇಲೆ ಅವರ ಚಿತ್ರಗಳಿವೆ. ಹುಡುಗಿಯರು ಚನ್ನಮ್ಮನ ವೇಷ ತೊಟ್ಟು ಮರದ ಕತ್ತಿ ಹಿಡಿದು ರಂಗದ ಮೇಲೆ ಗರ್ಜಿಸುತ್ತಾರೆ. ಕಿತ್ತೂರಿನಲ್ಲಿ ರಾಣಿಯ ಹೆಸರಿನಲ್ಲಿಯೇ 1969ರಲ್ಲಿ ಬಾಲಕಿಯರ ವಸತಿ ಸೈನಿಕ ಶಾಲೆ ಆರಂಭವಾಯಿತು. 2010ರಲ್ಲಿ ಬೆಳಗಾವಿಯಲ್ಲಿ ಆಕೆಯ ಹೆಸರಿನ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಇವೆಲ್ಲ ಹೆಮ್ಮೆಯ ಸಂಗತಿಗಳು.

ಆದರೆ ಎಂಟು ವರ್ಷದ ಹುಡುಗಿಗೆ ಚನ್ನಮ್ಮ ಪೂಜ್ಯಳು, ಪಕ್ಕದ ಮನೆಯ ಅಕ್ಕ ಸಾಧ್ಯಳು. ಚನ್ನಮ್ಮನಂತೆ ಕುದುರೆಯೇರುವುದು ಕನಸು. ಅಕ್ಕನಂತೆ ಹತ್ತನೆಯ ತರಗತಿ ಪಾಸಾಗಿ ಕಾಲೇಜಿಗೆ ಹೋಗುವುದು ಮುಂದಿನ ಹೆಜ್ಜೆ. ಗೋಡೆಯ ಚಿತ್ರವು ‘ಹೆಣ್ಣು ಇಷ್ಟು ದೊಡ್ಡವಳಾಗಬಲ್ಲಳು’ ಎಂದು ಹೇಳಿದರೆ, ನೆರೆಮನೆಯ ಹುಡುಗಿ ‘ನೀನು ಇದನ್ನು ಮಾಡಬಲ್ಲೆ’ ಎಂದು ಹೇಳುತ್ತಾಳೆ. ಎರಡೂ ಬೇಕು. ಆದರೆ ಎರಡನೆಯದಿಲ್ಲದೆ ಮೊದಲನೆಯದು ಜಯಂತಿಯ ದಿನದ ವೇಷವಾಗಿಯೇ ಉಳಿಯುತ್ತದೆ.

ಕಣ್ಣೆದುರಿಗೆ ಕಾಣುವ ಹೆಣ್ಣು ಎಷ್ಟು ಬದಲಾವಣೆ ತರಬಲ್ಲಳೆಂಬುದಕ್ಕೆ ಪಶ್ಚಿಮ ಬಂಗಾಲದ ಬೀರ್‌ಭೂಮ್ ಜಿಲ್ಲೆಯ ಅಧ್ಯಯನವೊಂದು ಒಳ್ಳೆಯ ಉದಾಹರಣೆ. ಅಲ್ಲಿ 1993ರ ನಂತರ ಮೂರನೆಯ ಒಂದು ಭಾಗದಷ್ಟು ಗ್ರಾಮ ಪಂಚಾಯತಿಗಳ ಮುಖ್ಯಸ್ಥರ ಸ್ಥಾನವನ್ನು ಸರದಿಯಂತೆ ಮಹಿಳೆಯರಿಗೆ ಮೀಸಲಿಡಲಾಯಿತು. ಅರ್ಥಶಾಸ್ತ್ರಜ್ಞರು 495 ಹಳ್ಳಿಗಳಲ್ಲಿ ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ಅವಧಿ ಮಹಿಳೆಯೇ ಮುಖ್ಯಸ್ಥೆಯಾಗಿದ್ದ ಊರುಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ಶೇಕಡಾ 32ರಷ್ಟು ತಗ್ಗಿತ್ತು. ಶಾಲಾಶಿಕ್ಷಣದಲ್ಲಿನ ಅಂತರವು ಅಳಿಸಿಯೇ ಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡಬೇಕಾದ ಹೊತ್ತೂ ಕಡಿಮೆಯಾಗಿತ್ತು. ಆ ಊರುಗಳಲ್ಲಿ ಹೆಂಗಸರಿಗೆ ಹೊಸ ನೌಕರಿಗಳೇನೂ ಹುಟ್ಟಿರಲಿಲ್ಲ. ಕಣ್ಣಮುಂದೆ ಒಬ್ಬ ಹೆಣ್ಣು ಊರಿನ ಕೆಲಸ ನಡೆಸುವುದನ್ನು ಕಂಡುದೇ ಆ ಬದಲಾವಣೆಗೆ ಕಾರಣವೆಂದು ಅಧ್ಯಯನ ಮಾಡಿದವರು ತರ್ಕಿಸಿದರು. ನಮ್ಮ ಕರ್ನಾಟಕದಲ್ಲಿ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಡಲಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಪಂಚಾಯತಿಯ ಅಧ್ಯಕ್ಷೆಯೇ ಇಷ್ಟು ಮಾಡಬಲ್ಲಳಾದರೆ, ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಓಣಿಯ ಅಕ್ಕ ಎಷ್ಟು ಮಾಡಲಾರಳು?

ಅಕ್ಕನ ಓದು ನಿಂತರೆ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಹದಿನಾರು ವರ್ಷದ ಮಗಳ ವಿಷಯದಲ್ಲಿ ಒಂದು ಮನೆಯವರು ತೆಗೆದುಕೊಳ್ಳುವ ತೀರ್ಮಾನ ಆ ಮನೆಗೆ ಮಾತ್ರ ಸಂಬಂಧಿಸಿದುದಲ್ಲ. ಆಕೆಯನ್ನು ನೋಡುತ್ತಿರುವ ಓಣಿಯ ಎಲ್ಲ ಎಳೆಯ ಕಣ್ಣುಗಳಿಗೆ ಅದು ಬರೆದುಕೊಟ್ಟ ಪಾಠ.

ಹತ್ತನೆಯ ತರಗತಿ ಮುಗಿದೊಡನೆ ‘ಇನ್ನು ಸಾಕು’ ಎಂದು ಅಕ್ಕನ ಪುಸ್ತಕಗಳನ್ನು ಅಟ್ಟಕ್ಕೇರಿಸಿದರೆ ಪಕ್ಕದ ಮನೆಯ ಮೂರನೆಯ ತರಗತಿಯ ಹುಡುಗಿ ಏನು ತಿಳಿಯುತ್ತಾಳೆ? ಓದೆಂಬುದು ಅಲ್ಲಿಯವರೆಗೆ ಮಾತ್ರ ಎಂದು ತಿಳಿಯುತ್ತಾಳೆ. ಯಾರೂ ಆಕೆಗೆ ಹಾಗೆಂದು ಹೇಳಬೇಕಾಗಿಲ್ಲ. ಅಷ್ಟು ಜಾಣೆಯಾದ ಅಕ್ಕನಿಗೇ ಮುಂದಿನ ದಾರಿ ಇಲ್ಲವೆಂದಾದರೆ ತನಗೆ ಎಲ್ಲಿಯದೆಂದು ಆಕೆಯ ಉತ್ಸಾಹವೂ ಅಂದೇ ಕುಗ್ಗತೊಡಗುತ್ತದೆ. ಶಿಕ್ಷಕರು ಮುಂದೆ ಎಷ್ಟು ಹುರಿದುಂಬಿಸಿದರೂ ಆ ಕುಗ್ಗಿದುದನ್ನು ಎತ್ತಿ ನಿಲ್ಲಿಸುವುದು ಕಷ್ಟ.

ಬಾಲ್ಯವಿವಾಹದ ಮಾತಂತೂ ಇನ್ನೂ ಗಂಭೀರವಾದುದು. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇಕಡಾ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ನಾಲ್ಕೈದು ವರ್ಷ ಮುಂಚಿನ ಸಮೀಕ್ಷೆಯಲ್ಲಿಯೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇತ್ತೆಂಬುದು ಚಿಂತೆಗೆ ಕಾರಣ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬದೆ ಮದುವೆ ಮಾಡುವುದು ಅಪರಾಧ. ನಮ್ಮ ರಾಜ್ಯದ ತಿದ್ದುಪಡಿಯಂತೆ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಕಾಯಿದೆಯ ಮಾತು ಹಾಗಿರಲಿ. ನಿನ್ನೆಯವರೆಗೆ ಜೊತೆಗೆ ಜೋಕಾಲಿ ಜೀಕಿದ ಅಕ್ಕ ಇಂದು ಅರಿಷಿಣ ಹಚ್ಚಿಸಿಕೊಂಡು ತಲೆ ತಗ್ಗಿಸಿ ಕುಳಿತುದನ್ನು ಬಾಗಿಲ ಸಂದಿನಿಂದ ನೋಡುವ ಬಾಲೆಯ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಆಲೋಚಿಸಿರಿ. ಆಕೆ ಹೊಸ ಬಟ್ಟೆ ತೊಟ್ಟು ಮದುವೆಯಲ್ಲಿ ಓಡಾಡುತ್ತಾಳೆ ನಿಜ. ಮರುದಿನ ಕಟ್ಟೆ ಖಾಲಿಯಾದಾಗ ಅಳುತ್ತಾಳೆ. “ನಿನಗೂ ಗಂಡ ನೋಡೋಣ ಬಿಡು” ಎಂದು ನಾವು ನಗುತ್ತೇವೆ. ಆ ನಗೆಯೊಡನೆ ಆಕೆಯ ಎದೆಯಲ್ಲಿ ಒಂದು ಗಡುವು ಅಚ್ಚೊತ್ತಿದಂತಾಗುತ್ತದೆ.

ಇದಕ್ಕೆ ಎದುರಾದ ಚಿತ್ರವೂ ಅಷ್ಟೇ ನಿಜವಾದುದು. ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಅದು ನಡೆದ ವರ್ಷಗಳಲ್ಲಿ, ಹಳ್ಳಿಯ ದಾರಿಗಳಲ್ಲಿ ಹುಡುಗಿಯರು ಸೈಕಲ್ ತುಳಿಯುವುದು ಸಹಜ ನೋಟವಾಯಿತು. ಒಬ್ಬ ಅಕ್ಕ ಸೈಕಲ್ ಕಲಿತರೆ ಓಣಿಯ ನಾಲ್ವರು ಚಿಕ್ಕವರು ಆಕೆಯ ಸೈಕಲ್ಲಿನ ಹಿಂದೆ ಓಡಿ, ಹಿಂದಿನ ಸೀಟಿನಲ್ಲಿ ಕುಳಿತು, ಕೊನೆಗೆ ಮೊಣಕಾಲು ತರಚಿಕೊಂಡು ತಾವೂ ಕಲಿತರು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲದ ಪ್ರಯಾಣ ದೊರೆತ ಮೇಲೆ, ಬಸ್ಸಿನ ಖರ್ಚೆಂಬ ನೆವದಿಂದ ಕಾಲೇಜು ಬಿಡಿಸುವ ಮಾತಿಗೆ ಬಲ ಉಳಿದಿಲ್ಲ. ಕಟಕೋಳದ ಸುತ್ತಲಿನ ಹಳ್ಳಿಗಳಿಂದ ರಾಮದುರ್ಗಕ್ಕೋ ಸವದತ್ತಿಗೋ ಬೈಲಹೊಂಗಲಕ್ಕೋ ಓದಲು ಹೋಗುವ ಪ್ರತಿಯೊಬ್ಬ ಹುಡುಗಿಯೂ ತನ್ನ ಹಿಂದೆ ಕಾಣದ ಒಂದು ಸಾಲನ್ನು ಎಳೆದುಕೊಂಡು ಹೋಗುತ್ತಿರುತ್ತಾಳೆ.

ಹಿರಿಯರು ಮಾಡಬಾರದ ಕೆಲವು

ಮಗಳು ನೆರೆಮನೆಯ ಹುಡುಗಿಯನ್ನು ಮೆಚ್ಚಿದುದನ್ನು ಕಂಡೊಡನೆ ಅನೇಕ ತಾಯಿತಂದೆಗಳು ಆ ಮೆಚ್ಚುಗೆಯನ್ನೇ ಬಾರುಕೋಲು ಮಾಡಿಕೊಳ್ಳುತ್ತಾರೆ. “ಅಕಿನ್ನ ನೋಡಿ ಕಲಿ, ಎಷ್ಟು ಮಾರ್ಕ್ಸ್ ತಗೊಂಡಾಳ” ಎಂದು ದಿನವೂ ಚುಚ್ಚಿದರೆ ಪ್ರೀತಿಯ ಅಕ್ಕ ನಾಲ್ಕು ದಿನದಲ್ಲಿ ಹೊಟ್ಟೆಕಿಚ್ಚಿನ ಅಕ್ಕನಾಗುತ್ತಾಳೆ. ಮೆಚ್ಚುಗೆಯು ತಾನಾಗಿ ಮಾಡುವ ಕೆಲಸವನ್ನು ಹೋಲಿಕೆ ಕೆಡಿಸುತ್ತದೆ.

ಎರಡನೆಯದಾಗಿ, ಚಿಕ್ಕವಳ ಮೆಚ್ಚುಗೆಯನ್ನು ಎಲ್ಲರೆದುರು ಗೇಲಿ ಮಾಡಬಾರದು. ಅಕ್ಕ ಕೊಟ್ಟ ಹಳೆಯ ರಿಬ್ಬನ್ನನ್ನೋ ಪೆನ್ನಿನ ಮುಚ್ಚಳವನ್ನೋ ಆಕೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರೆ ಅದು ಕಸವಲ್ಲ. ಅಕ್ಕ ಮದುವೆಯಾಗಿಯೋ ಓದಲೆಂದೋ ಊರು ಬಿಟ್ಟಾಗ ಆಕೆ ಅತ್ತರೆ, ಹಿರಿಯರ ಅಗಲಿಕೆಯ ದುಃಖಕ್ಕೆ ಸಲ್ಲುವ ಗೌರವವೇ ಆ ಕಣ್ಣೀರಿಗೂ ಸಲ್ಲಬೇಕು. ಒಂದು ಪತ್ರ ಬರೆಯಿಸುವುದು, ಒಮ್ಮೆ ಫೋನಿನಲ್ಲಿ ಮಾತಾಡಿಸುವುದು, ಪಂಚಮಿಗೆ ಅಕ್ಕ ತವರಿಗೆ ಬಂದಾಗ ಉಂಡಿಯ ಡಬ್ಬಿ ಕೊಟ್ಟು ಕಳಿಸುವುದು ಯಾವ ಮನೆಗೂ ಭಾರವಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. “ಅವರು ಬ್ಯಾರೆ ಮಂದಿ, ಅವರ ಮನಿಗೆ ಹೋಗಬ್ಯಾಡ” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತಿರುವುದು ನಾಚಿಕೆಯ ಸಂಗತಿ. ಪರಜಾತಿಯ ಮಾತಿರಲಿ, ನಮ್ಮವರೇ ಆದ ಒಳಪಂಗಡಗಳ ನಡುವೆಯೂ ಈ ಗೆರೆ ಎಳೆಯುತ್ತೇವೆ. ಬಾಲೆಗೆ ಅಕ್ಕನ ಜಾತಿ ತಿಳಿದಿಲ್ಲ. ಆಕೆಯ ಕೈಬರಹ ಮುದ್ದಾಗಿರುವುದು ತಿಳಿದಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಅಪ್ಪ, ಬೊಪ್ಪರೆಂದು ಹೆಮ್ಮೆಯಿಂದ ಹೇಳಿಕೊಂಡ ಬಸವಣ್ಣನವರ ಅನುಯಾಯಿಗಳಾದ ನಾವು, ಮಗುವೊಂದು ತಾನಾಗಿ ದಾಟಿದ ಗೋಡೆಯನ್ನು ಮತ್ತೆ ಕಟ್ಟಿ ನಿಲ್ಲಿಸುವುದು ಎಂತಹ ಭಕ್ತಿ?

ಹಾಗೆಂದು ಕಣ್ಣು ಮುಚ್ಚಿಕೊಂಡಿರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅಕ್ಕನು ಚಿಕ್ಕವಳನ್ನು ಚೀಟಿ ಮುಟ್ಟಿಸುವ ಕೆಲಸಕ್ಕೆ ಬಳಸಿಕೊಂಡರೆ, “ಮನ್ಯಾಗ ಹೇಳಬ್ಯಾಡ” ಎಂಬ ಗುಟ್ಟುಗಳು ಹೆಚ್ಚಾದರೆ, ಮಗುವಿನ ವಯಸ್ಸಿಗೆ ಸಲ್ಲದುದನ್ನು ಮೊಬೈಲಿನಲ್ಲಿ ತೋರಿಸಿದರೆ ತಾಯಿಯು ಎಚ್ಚರಗೊಳ್ಳಬೇಕು. ಎಚ್ಚರವೆಂದರೆ ಜಗಳವಲ್ಲ. ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ, ಚಹ ಚೂಡಾ ಕೊಟ್ಟು, ತಾನೂ ಜೊತೆಗೆ ಕುಳಿತು ಮಾತಾಡುವುದೇ ಒಳ್ಳೆಯ ಕಾವಲು. ದೊಡ್ಡ ಹುಡುಗಿಯು ಏಕಾಏಕಿ ಶಾಲೆ ಬಿಟ್ಟುದು, ಅಪ್ರಾಪ್ತಳಾದ ಆಕೆಗೆ ಮದುವೆ ಗೊತ್ತಾದುದು ಕಂಡುಬಂದರೆ ಸುಮ್ಮನಿರುವುದೂ ತರವಲ್ಲ. ಮನೆಯವರಿಗೆ ತಿಳಿಹೇಳಬೇಕು, ಕೇಳದಿದ್ದರೆ ಅಂಗನವಾಡಿಯವರಿಗೋ ಶಾಲೆಯವರಿಗೋ ತಿಳಿಸಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬುದು ಪ್ರತಿ ಮನೆಗೂ ತಿಳಿದಿರಬೇಕು.

ಅಕ್ಕಂದಿರಿಗೊಂದು ಮಾತು

ಈ ಪತ್ರಿಕೆಯನ್ನು ಮನೆಯ ಹೆಣ್ಣುಮಕ್ಕಳೂ ಓದುವರಾದುದರಿಂದ ಅವರಿಗೂ ಒಂದೆರಡು ಮಾತು. ತಂಗಿ, ನಿನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ನಾವು ಹೇಳುವುದು ನಿನ್ನನ್ನು ಹೆದರಿಸಲೆಂದಲ್ಲ. ಹದಿನಾರರ ಹುಡುಗಿಗೆ ‘ಜನ ನೋಡುತ್ತಾರೆ’ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿರುತ್ತದೆ. ಜನರ ನೋಟ ನಿನ್ನಲ್ಲಿ ತಪ್ಪು ಹುಡುಕುವ ನೋಟ. ಕಟ್ಟೆಯ ಮೇಲಿನ ಪುಟ್ಟಿಯ ನೋಟ ನಿನ್ನಲ್ಲಿ ದಾರಿ ಹುಡುಕುವ ನೋಟ. ಎರಡಕ್ಕೂ ಬಹಳ ಅಂತರವಿದೆ.

ನೀನು ತಪ್ಪೇ ಮಾಡದವಳಾಗಿರಬೇಕೆಂದು ಆಕೆ ಬಯಸುವುದಿಲ್ಲ. ಗಣಿತದಲ್ಲಿ ನಪಾಸಾದರೆ ನಾಚಿ ಅಡಗಿಕೊಳ್ಳಬೇಡ. ಮತ್ತೆ ಪರೀಕ್ಷೆ ಕಟ್ಟಿ ಓದಲು ಕುಳಿತುದನ್ನು ಆಕೆ ನೋಡಲಿ. ಸೋತವಳು ಏಳುವುದು ಹೇಗೆಂಬ ಪಾಠ ಯಾವ ಪುಸ್ತಕದಲ್ಲಿಯೂ ಅಷ್ಟು ಚೆನ್ನಾಗಿ ಸಿಗಲಾರದು. ಆಕೆ ಕೇಳಿದ ಪ್ರಶ್ನೆಗೆ ‘ನಿನಗ ತಿಳಿಯೂದಿಲ್ಲ ಹೋಗ’ ಎನ್ನದೆ ಎರಡು ನಿಮಿಷ ಕೊಡು. ನಿನ್ನ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಆಕೆಯನ್ನು ಕರೆ. ಇದೂ ದಾಸೋಹವೇ. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಲು ತಮ್ಮ ಆಯುಷ್ಯವನ್ನೇ ಕೊಟ್ಟರು. ಆಸ್ತಿಯಿದ್ದವರು ಆಸ್ತಿ, ಆಯುಷ್ಯವಿದ್ದವರು ಆಯುಷ್ಯ. ನಿನ್ನಲ್ಲಿರುವುದು ಸಂಜೆಯ ಅರ್ಧ ಗಂಟೆ. ಕೊಟ್ಟರೆ ಅದೂ ಸಣ್ಣದಲ್ಲ.

ಸಮಾಜ ಮಾಡಬಹುದಾದುದು

ನಾಡಿನ ಅನೇಕ ಊರುಗಳಲ್ಲಿ ‘ಅಕ್ಕನ ಬಳಗ’ ಎಂಬ ಹೆಸರಿನಲ್ಲಿ ನಮ್ಮ ತಾಯಂದಿರು ಕೂಡುತ್ತಾರೆ. ವಚನಗಳ ಪಠಣ, ಅನುಭಾವಗೋಷ್ಠಿ, ಬಸವಜಯಂತಿ, ಅಕ್ಕನ ಜಯಂತಿಗಳನ್ನು ನಡೆಸುತ್ತಾರೆ. ಬಹುತೇಕ ಕಡೆ ಈ ಬಳಗಗಳಲ್ಲಿ ಕಾಣುವವರು ನಡುವಯಸ್ಸು ದಾಟಿದವರೇ. ತಿಂಗಳಿಗೊಂದು ಸಂಜೆಯನ್ನು ಹುಡುಗಿಯರ ಕೈಗೆ ಒಪ್ಪಿಸಿದರೆ ಹೇಗೆ? ಹಿರಿಯ ಹುಡುಗಿಯರು ಕಿರಿಯರಿಗೆ ವಚನ ಕಲಿಸಲಿ. ಬಾಯಿಪಾಠದೊಡನೆ ಅರ್ಥವನ್ನೂ ಹೇಳಲಿ. ಇಷ್ಟಲಿಂಗ ದೀಕ್ಷೆ ಪಡೆದ ಎಳೆಯ ಮಕ್ಕಳಿಗೆ ಪೂಜೆಯ ಕ್ರಮವನ್ನು ಕೈಹಿಡಿದು ತೋರಿಸಲಿ. ಹತ್ತನೆಯ ತರಗತಿ ದಾಟಿದವಳು ಹೈಸ್ಕೂಲಿನವಳಿಗೆ, ಹೈಸ್ಕೂಲಿನವಳು ಪ್ರಾಥಮಿಕ ಶಾಲೆಯವಳಿಗೆ ಲೆಕ್ಕ ಹೇಳಿಕೊಡಲಿ. ಹೇಳಿಕೊಡುವವಳಿಗೆ ಅದರಿಂದ ಲಾಭ ಹೆಚ್ಚು ಎಂಬುದನ್ನು ಬೋಧನೆಯಲ್ಲಿ ತೊಡಗಿದವರೆಲ್ಲ ಬಲ್ಲರು.

ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ವಧುವಿನ ವಯಸ್ಸಿನ ದಾಖಲೆಯನ್ನು ಕಟ್ಟುನಿಟ್ಟಾಗಿ ನೋಡುವುದು ಪೂಜ್ಯರ ಹಾಗೂ ಸಮಿತಿಯವರ ಹೊಣೆ. ಪ್ರತಿಭಾ ಪುರಸ್ಕಾರದ ಸಭೆಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಮಾತ್ರ ಶಾಲು ಹೊದಿಸಿ ಸತ್ಕರಿಸುವುದರ ಜೊತೆಗೆ, ಮನೆಯ ಕಷ್ಟಗಳ ನಡುವೆಯೂ ಓದು ಬಿಡದೆ ಮುಂದುವರಿಸಿದ ಹುಡುಗಿಯರನ್ನೂ ವೇದಿಕೆಗೆ ಕರೆಯಬೇಕು. ಮುಂದಿನ ಸಾಲಿನಲ್ಲಿ ಗಣ್ಯರ ಬದಲಿಗೆ ಓಣಿಯ ಚಿಕ್ಕ ಹುಡುಗಿಯರನ್ನು ಕೂಡಿಸಿದರೆ ಇನ್ನೂ ಒಳ್ಳೆಯದು. ತಾವು ದಿನವೂ ನೋಡುವ ಅಕ್ಕನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದಾಗ ಆ ಮಕ್ಕಳ ಮುಖದಲ್ಲಿ ಮೂಡುವ ಬೆಳಕೇ ಸಮಾರಂಭದ ಸಾರ್ಥಕತೆ.

ಹೆಣ್ಣುಮಕ್ಕಳ ಏಳಿಗೆಗಾಗಿ ದೊಡ್ಡ ದೊಡ್ಡ ಯೋಜನೆಗಳು ಬರಲಿ, ಶಾಲೆ ಕಾಲೇಜುಗಳು ಹೆಚ್ಚಲಿ. ಅದರೊಡನೆ, ನಮ್ಮ ಓಣಿಯಲ್ಲಿರುವ ಒಬ್ಬ ಹದಿನಾರರ ಹುಡುಗಿಯ ಓದು ನಿಲ್ಲದಂತೆ, ಆಕೆಯ ಮುಖ ಬಾಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇರುವ ಕಾಯಕ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಧನವಂತರ ದೇಣಿಗೆಯೂ ಬೇಕಿಲ್ಲ. ಆಕೆಯೊಬ್ಬಳು ಮುಂದೆ ನಡೆದರೆ ಹಿಂದೆ ಬರುವವರಿಗೆ ದಾರಿ ತಾನಾಗಿಯೇ ತಿಳಿಯುತ್ತದೆ. ಅಕ್ಕ ನಾಗಮ್ಮ, ಅಕ್ಕ ಮಹಾದೇವಿಯರ ಹೆಸರು ಹೇಳುವ ಮನೆತನಗಳಲ್ಲಿ ಓಣಿಯ ಅಕ್ಕನಿಗೂ ಆ ಗೌರವದ ಒಂದು ಪಾಲು ಸಲ್ಲಲಿ ಎಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.